ಕಾಲೇಜು ಮೇಷ್ಟರಿಗೂ ದೂರದರ್ಶಕ: ಸಾಂಗಲಿಯಿಂದ ಸದರ್ಲ್ಯಾಂಡ್‌ವರೆಗೆ

ಮಿರಜ ತಾಲೂಕಿನ ಖಂಡೇರಾಜುರಿಯಂಥ ಊರಿನ ಹುಡುಗ ಹುಡುಗಿಯರಿಗೆ ವಿಜ್ಞಾನದ ಪದವಿ ಓದಲು ಹತ್ತಿರದ ಊರುಗಳಲ್ಲಿ ಸಾಂಗಲಿ ಒಂದು, ಸ್ನಾತಕೋತ್ತರಕ್ಕೆ ಕೊಲ್ಹಾಪುರ. ಸಾಂಗಲಿಯ ವಿಲಿಂಗ್ಡನ್ ಕಾಲೇಜನ್ನು ಡೆಕ್ಕನ್ ಎಜುಕೇಶನ್ ಸೊಸೈಟಿ 1919ರಲ್ಲಿ ತೆರೆಯಿತು. ರಂ. ಶ್ರೀ. ಮುಗಳಿ ಕನ್ನಡ ಕಲಿಸಿದ್ದು ಇಲ್ಲೇ, ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದುದೂ ಇಲ್ಲೇ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಹುಟ್ಟಿದ್ದು 1962ರಲ್ಲಿ.

ಸಾಹಿತ್ಯದ ಸಂಶೋಧನೆಗೆ ಒಳ್ಳೆಯ ಗ್ರಂಥಾಲಯ ಮತ್ತು ಒಬ್ಬ ಗಟ್ಟಿ ಗುರು ಸಿಕ್ಕರೆ ಅರ್ಧ ದಾರಿ ಸವೆದಂತೆ. ಭೌತವಿಜ್ಞಾನಕ್ಕೆ ಅಷ್ಟು ಸಾಲದು. ಉಪಕರಣ ಬೇಕು, ಹೊಸ ನಿಯತಕಾಲಿಕೆಗಳು ಬೇಕು, ಲೆಕ್ಕ ತಪ್ಪಿದಾಗ ತಿದ್ದುವ ಸಹೋದ್ಯೋಗಿ ಬೇಕು. ಇವನ್ನೆಲ್ಲ ಪ್ರತಿ ವಿಶ್ವವಿದ್ಯಾಲಯವೂ ಬೇರೆಬೇರೆಯಾಗಿ ಕೊಳ್ಳಲಾರದು.

1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆಗೆ ಬಂದ ತಿದ್ದುಪಡಿ ಇದಕ್ಕೊಂದು ಬಾಗಿಲು ತೆರೆಯಿತು: ಹಲವು ವಿಶ್ವವಿದ್ಯಾಲಯಗಳು ಹಂಚಿಕೊಳ್ಳುವ ಕೇಂದ್ರಗಳನ್ನು ಆಯೋಗವೇ ಕಟ್ಟಬಹುದು. ದೆಹಲಿಯಲ್ಲಿ ಪರಮಾಣು ವಿಜ್ಞಾನ ಕೇಂದ್ರ ಮೊದಲು ಬಂತು. ಯಶ್‌ಪಾಲ್ ಯುಜಿಸಿ ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ಪುಣೆಯಲ್ಲಿ ಖಗೋಳ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರ ಶುರುವಾಯಿತು. ಎಲ್ಲರ ಬಾಯಲ್ಲಿ ಅದು ಆಯುಕಾ. ಅದನ್ನು ಕಟ್ಟಲು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬಿಟ್ಟು ಬಂದವರು ಜಯಂತ ನಾರ್ಳೀಕರ್. ಅವರು 1938ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ. 2003ರವರೆಗೆ ಆಯುಕಾದ ನಿರ್ದೇಶಕರಾಗಿದ್ದರು.

ಆಯುಕಾದ ಜೀವಾಳ ಅದರ ಅತಿಥಿ ಸಹಸದಸ್ಯರ ಯೋಜನೆ. ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಅಧ್ಯಾಪಕರು ತಮ್ಮ ಕೆಲಸ ಬಿಡದೆಯೇ ಕೆಲವು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಾರೆ. ರಜೆಯಲ್ಲಿ ಪುಣೆಗೆ ಹೋಗಿ ಅಲ್ಲಿನ ಗ್ರಂಥಾಲಯ, ಕಂಪ್ಯೂಟರು, ವಿದ್ವಾಂಸರ ಸಂಗ ಎಲ್ಲವನ್ನೂ ಬಳಸಿಕೊಂಡು ಮತ್ತೆ ತಮ್ಮ ತರಗತಿಗೇ ಮರಳುತ್ತಾರೆ. ಇಟಲಿಯ ಟ್ರಿಯೆಸ್ಟ್‌ನಲ್ಲಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಕೇಂದ್ರದಲ್ಲೂ ಇಂಥದೇ ಏರ್ಪಾಡು ಇತ್ತು. ಪ್ರತಿಭಾವಂತರನ್ನು ಸಣ್ಣ ಊರಿನಿಂದ ಕಿತ್ತುಕೊಳ್ಳದೆ ಅಲ್ಲೇ ಬಲಪಡಿಸುವುದು ಇಂಥ ಯೋಜನೆಗಳ ಹೆಚ್ಚುಗಾರಿಕೆ. ಜುನ್ನರ ಬಳಿಯ ಗಿರವಲಿಯಲ್ಲಿ 2006ರಲ್ಲಿ ಉದ್ಘಾಟನೆಯಾದ ಆಯುಕಾದ 2 ಮೀಟರ್ ದೂರದರ್ಶಕದ ಹಿಂದೆಯೂ ಇದೇ ಧೋರಣೆ ಇದೆ.

ಕೊಲ್ಹಾಪುರದಲ್ಲಿ ಹಂಚಿಕೆ ಇನ್ನೊಂದು ರೂಪ ತಾಳಿತು. ಮೇಲಿನ ವಾತಾವರಣದ ಗಾಳಿಯನ್ನು ಅಳೆಯುವ ರೇಡಾರನ್ನು ಭಾರತೀಯ ಭೂಕಾಂತತ್ವ ಸಂಸ್ಥೆ 1999ರಿಂದ ಅಲ್ಲಿ ನಡೆಸಿತು; ರಾಷ್ಟ್ರೀಯ ಸಂಸ್ಥೆಯ ಉಪಕರಣವೇ ವಿಶ್ವವಿದ್ಯಾಲಯದ ಅಂಗಳಕ್ಕೆ ಬಂತು.

ಸೌಲಭ್ಯಗಳ ಕೊರತೆಯ ಇದೇ ತೊಡಕನ್ನು ಆಫ್ರಿಕಾದವರೂ ಬಿಡಿಸಿಕೊಳ್ಳಬೇಕಿತ್ತು. ದಕ್ಷಿಣ ಆಫ್ರಿಕಾದಲ್ಲಿ ಖಗೋಳ ವಿಜ್ಞಾನವನ್ನು ಪೂರ್ತಿಯಾಗಿ ಕಲಿಸುವಷ್ಟು ಅಧ್ಯಾಪಕರು ಒಂದೊಂದೇ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. 2003ರಲ್ಲಿ ಹಲವು ವಿಶ್ವವಿದ್ಯಾಲಯಗಳು ಕೂಡಿ ಕೇಪ್‌ಟೌನ್‌ನಲ್ಲಿ ಒಂದೇ ಸ್ನಾತಕೋತ್ತರ ಶಿಕ್ಷಣಕ್ರಮ ನಡೆಸತೊಡಗಿದವು. 2008ರಲ್ಲಿ ಶುರುವಾದ ‘ರೈಸ್’ ಯೋಜನೆ ಇಂಥ ಹಂಚಿಕೆಯನ್ನು ದೇಶಗಳ ಗಡಿಗಳನ್ನೇ ದಾಟಿಸಿತು. ಸಸ್ಯಜನ್ಯ ರಸಾಯನ, ವಸ್ತುವಿಜ್ಞಾನ, ಜಲಸಂಪನ್ಮೂಲ, ಹಿಂದೂ ಮಹಾಸಾಗರದ ಪಶ್ಚಿಮ ಅಂಚು ಇಂಥ ವಿಷಯಗಳಿಗೆ ಒಂದೊಂದು ಜಾಲವಿತ್ತು. ಪಿಎಚ್‌ಡಿ ಪಡೆದವರು ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲೇ ಪಾಠ ಹೇಳಬೇಕು ಎಂಬುದು ಗುರಿಯಾಗಿತ್ತು. ಕಾರ್ನೆಗಿ ನಿಧಿ ಹಣ ಕೊಟ್ಟಿತು.

ಭಾರತದ ಮತ್ತು ಆಫ್ರಿಕಾದ ಈ ಎರಡು ಕಥೆಗಳು ಸದರ್ಲ್ಯಾಂಡ್‌ನಲ್ಲಿ ಕೂಡುತ್ತವೆ. ದಕ್ಷಿಣ ಆಫ್ರಿಕಾದ ಈ ಸಣ್ಣ ಊರಿನ ಹತ್ತಿರ 2005ರ ನವೆಂಬರ್‌ನಲ್ಲಿ ‘ಸಾಲ್ಟ್’ ದೂರದರ್ಶಕ ಉದ್ಘಾಟನೆಯಾಯಿತು. 91 ಷಟ್ಕೋನ ತುಣುಕುಗಳ ಅದರ ಕನ್ನಡಿ ಸುಮಾರು 11 ಮೀಟರ್ ಅಗಲ. ಅದರ ಪಾಲುದಾರರಲ್ಲಿ ಆಯುಕಾ ಕೂಡ ಒಂದು. ಅಲ್ಲಿ ವೀಕ್ಷಣೆ ಮಾಡುವುದು ಅಲ್ಲಿಯ ಸಿಬ್ಬಂದಿಯೇ. ಸಮಯ ಪಡೆದ ಸಂಶೋಧಕರಿಗೆ ದತ್ತಾಂಶ ಅವರ ಊರಿಗೇ ತಲುಪುತ್ತದೆ.

ಹಾಗಾಗಿ ದೂರ ಇಂದು ದೊಡ್ಡ ಅಡ್ಡಿಯಲ್ಲ. ಅಧ್ಯಾಪಕರ ಬಿಡುವೇ ದೊಡ್ಡ ಅಡ್ಡಿ. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಸಂಶೋಧನೆಗೆ ಹೋದ ವಾರಗಳನ್ನು ಕರ್ತವ್ಯವೆಂದೇ ಎಣಿಸುವ ಕಾಲೇಜಿಗೆ ಮಾತ್ರ ಇಂಥ ಜಾಲ ಒದಗುತ್ತದೆ. ಆ ನಿರ್ಧಾರವನ್ನು ಪುಣೆಯೂ ಕೇಪ್‌ಟೌನೂ ಮಾಡಲಾರವು. ಸಾಂಗಲಿ, ಮಿರಜ, ಅಥಣಿಯ ಆಡಳಿತ ಮಂಡಳಿಗಳೇ ಮಾಡಬೇಕು.