ಬೆಳ್ಳಿ ಕಡಗದ ಬೆಲೆ ಇಳಿಸಿದವರು ಯಾರು?

ಧಾತು-ಈಶ್ವರ ಬರದ ಹೆಸರು ಕೇಳದವರು ನಮ್ಮ ಹಂಪಸಾಗರ ಕಡೆ ಕಡಿಮೆ. 1876ರಿಂದ 78ರ ತನಕ ಇತ್ತು ಆ ಬರ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಾಗಿತ್ತು. ರೈತನ ಬ್ಯಾಂಕು ಅಂದ್ರೆ ಮನಿ ಹೆಣ್ಮಕ್ಕಳ ಮೈಮ್ಯಾಲಿನ ಬೆಳ್ಳಿ. ಬರದಾಗ ಮಾರಿದ ಕಡಗ, ಡಾಬು ರಾಶಿಗಟ್ಟಲೆ ಮುಂಬೈ ಟಂಕಸಾಲೆ ಸೇರಿ ಕರಗಿ ರೂಪಾಯಿ ಆದವು.

ಆಗಿನ ರೂಪಾಯಿ ಒಂದು ತೊಲ ತೂಕ. ಹನ್ನೆರಡು ಪಾಲಿನಾಗ ಹನ್ನೊಂದು ಪಾಲು ಬೆಳ್ಳಿ. ಯಾರು ಬೇಕಾದ್ರೂ ಬೆಳ್ಳಿ ಒಯ್ದು, ಸಣ್ಣ ಕೂಲಿ ಕೊಟ್ಟು ನಾಣ್ಯ ಹೊಡೆಸಬಹುದಿತ್ತು. ಹಂಗಾಗಿ ಕಡಗದ ತೂಕವೇ ಅದರ ಬೆಲೆ. ಸಾಹುಕಾರ ಮೋಸ ಮಾಡಿದ್ರೂ ಅದಕ್ಕೊಂದು ಮಿತಿ ಇತ್ತು.

1893ರ ಜೂನ್ 26ಕ್ಕೆ ಸಿಮ್ಲಾದಾಗ ಒಂದು ಕಾಯ್ದೆ ಪಾಸಾಯ್ತು: ಇನ್ನು ಮುಂದೆ ಜನರ ಬೆಳ್ಳಿಗೆ ಟಂಕಸಾಲೆ ಬಂದ್. ಕಾರಣ ಏನಪಾ ಅಂದ್ರೆ, ಜರ್ಮನಿಯಂಥ ದೇಶಗಳು ಚಿನ್ನದ ನಾಣ್ಯಕ್ಕೆ ಹೋಗಿ ಬೆಳ್ಳಿ ಅಗ್ಗ ಆಗಿತ್ತು. ಇಲ್ಲಿನ ಸರ್ಕಾರ ಪಿಂಚಣಿ, ರೈಲ್ವೆ ಬಡ್ಡಿ ಅಂತ ಲಂಡನ್ನಿಗೆ ಪೌಂಡಿನಲ್ಲಿ ಕಟ್ಟಬೇಕಿತ್ತು. ರೂಪಾಯಿ ಇಳಿದಷ್ಟೂ ಅದರ ಖರ್ಚು ಏರ್ತಿತ್ತು. ತೆರಿಗೆ ಏರಿಸಿದ್ರೆ ಜನ ಗಲಾಟೆ ಮಾಡ್ತಾರೆ; ನಾಣ್ಯ ಬಿಗಿ ಮಾಡಿದ್ರೆ ಯಾರಿಗೂ ತಿಳಿಯೋದಿಲ್ಲ.

ರೂಪಾಯಿಯನ್ನ ಎಳೆದು 16 ಪೆನ್ನಿಗೆ ನಿಲ್ಲಿಸಿದರು. ಬೆಳ್ಳಿ ಮತ್ತೂ ಬಿತ್ತು. ಆ ಶತಮಾನ ಮುಗಿಯೋ ಹೊತ್ತಿಗೆ ಒಂದು ರೂಪಾಯಿಯೊಳಗಿನ ಬೆಳ್ಳಿ ಸುಮಾರು 10 ಪೆನ್ನಿ ಬಾಳ್ತಿತ್ತು, ಅಂದ್ರೆ ನಮ್ಮ ಲೆಕ್ಕದಾಗ ಹತ್ತಾಣೆ. ಕಂದಾಯ ಮಾತ್ರ ಪೂರ್ತಿ ಹದಿನಾರಾಣೆ! 1896-97ರಾಗ ಬಳ್ಳಾರಿ ಸೀಮೆಗೆ ಮತ್ತೆ ಬರ ಬಂತು. ಈ ಸಲ ಕಡಗ ಬಿಚ್ಚಿದವರಿಗೆ ಹಿಂದಿನ ಬರದಾಗಿದ್ದ ಆಸರೆ ಇರಲಿಲ್ಲ. ಯಾರೂ ಮನಿಗೆ ನುಗ್ಗಿರಲಿಲ್ಲ, ಕಡಗದ ತೂಕ ಒಂದು ಗುಂಜಿ ಕಡಿಮೆ ಆಗಿರಲಿಲ್ಲ. ದಾದಾಭಾಯಿ ನವರೋಜಿ ಇದನ್ನ ಗುಟ್ಟಾಗಿ ತೆರಿಗೆ ಏರಿಸಿದ ಹಂಗೆ ಅಂತಲೇ ವಾದಿಸಿದ್ದರು.

ನೋಟು ಜಾಸ್ತಿ ಹೊಡೆಯೋದೊಂದೇ ಮೋಸ ಅಂತ ನಾವು ತಿಳ್ಕೊಂಡಿರ್ತೀವಿ. ಇಲ್ಲಿ ಆಗಿದ್ದು ಉಲ್ಟಾ, ಹಣ ಬಿಗಿ ಮಾಡಿದ್ದು. ಎರಡನೇ ಮಹಾಯುದ್ಧದಾಗ ಅದೇ ಕೈ ಸಡಿಲ ಬಿಡ್ತು. ರಿಸರ್ವ್ ಬ್ಯಾಂಕು 1935ರಾಗ ಶುರುವಾಗಿತ್ತು. ಬ್ರಿಟಿಷರ ಯುದ್ಧದ ಖರ್ಚಿನ ಲೆಕ್ಕ ಲಂಡನ್ನಿನಾಗ ಸಾಲ ಅಂತ ಬರೆದಿಟ್ಟು, ಅದರ ಮ್ಯಾಲೆ ಇಲ್ಲಿ ನೋಟು ಹೊಡೆದರು. ಬೆಲೆ ಏರಿದ್ರೆ ರೈತಗ ಲಾಭ ಅಲ್ಲೇನು ಅಂತ ಕೇಳಬಹುದು. ಅದಕ್ಕಂತಲೇ ಧಾನ್ಯಕ್ಕೆ ದರ ಕಟ್ಟಿದರು, ಲೆವಿ ಹಾಕಿದರು.

ಈಗಿನ ಮಾತು ನೋಡ್ರಿ. 2016ರಿಂದ ಹಣದುಬ್ಬರ ಶೇಕಡಾ 4ರ ಹತ್ತಿರ ಇಡೋದು ರಿಸರ್ವ್ ಬ್ಯಾಂಕಿನ ಕೆಲಸ. ಬಡ್ಡಿ ಏರಿಸಿದ್ರೆ ಉಳ್ಳಾಗಡ್ಡಿ ಅಗ್ಗ ಆಗೋದಿಲ್ಲ, ಆ ಕೆಲಸ ದೆಹಲಿ ಮಾಡ್ತದ. 2023ರ ಆಗಸ್ಟ್‌ನಾಗ ರಫ್ತಿಗೆ 40 ಪರ್ಸೆಂಟ್ ಸುಂಕ, ಡಿಸೆಂಬರಿಗೆ ಪೂರ್ತಿ ನಿಷೇಧ, ತೆಗೆದದ್ದು 2024ರ ಮೇ ತಿಂಗಳಾಗ. ಕೊಟ್ಟೂರು, ಕೂಡ್ಲಿಗಿ ಕಡೆ ಬೆಳೆದವರಿಗೆ ನಾನು ಬಿಡಿಸಿ ಹೇಳೋದು ಬ್ಯಾಡ.

ಮನಿಯಾಗ ಹಳೇ ರೂಪಾಯಿ ಇದ್ರೆ ಇಸವಿ ನೋಡ್ರಿ. 1938ರ ತನಕದ್ದು ಹನ್ನೊಂದು ಪಾಲು ಬೆಳ್ಳಿ. 1940ರ ದಶಕದ ಮೊದಲಿನವು ಅರ್ಧ ಬೆಳ್ಳಿ. 1947ರದಾದ್ರೆ ಬರೀ ನಿಕಲ್, ಆಯಸ್ಕಾಂತ ಹಿಡೀತದ.