ಟೊಕೋವಾ ಕಾಲೇಜು ಮತ್ತು ಅದರ ಕೆರೆ

ಟೊಕೋವಾ ಫಾಲ್ಸ್ ಕಾಲೇಜಿನವರು ತಮ್ಮ ಸಂಸ್ಥೆಯ ಕಥೆಯನ್ನು ಹತ್ತು ಡಾಲರಿನಿಂದ ಶುರು ಮಾಡುತ್ತಾರೆ. ರಿಚರ್ಡ್ ಫಾರೆಸ್ಟ್ ಎಂಬ ಪಾದ್ರಿ 1907ರಲ್ಲಿ ನಾರ್ತ್ ಕೆರೊಲಿನಾದಲ್ಲಿ ತೆರೆದ ಪುಟ್ಟ ಶಾಲೆಗೆ ಜಾಗ ಸಾಲದಾಯಿತು. 1911ರಲ್ಲಿ ಅವರು ಜಾರ್ಜಿಯಾ ರಾಜ್ಯದ ಈಶಾನ್ಯ ಮೂಲೆಗೆ ಬಂದರು. ಅಲ್ಲಿ 186 ಅಡಿ ಎತ್ತರದ ಜಲಪಾತವೊಂದರ ಬಳಿ ಇದ್ದ ಹೋಟೆಲನ್ನೂ ಅದರ ಜಮೀನನ್ನೂ ಕೈಲಿದ್ದ ಹತ್ತು ಡಾಲರ್ ಮುಂಗಡ ಕೊಟ್ಟು ಹಿಡಿದರಂತೆ. ಎರಡೇ ವರ್ಷದಲ್ಲಿ ಹೋಟೆಲು ಸುಟ್ಟುಹೋಯಿತು, ಶಾಲೆ ಉಳಿಯಿತು. ಮುಂದೆ ಅದೇ ಬೈಬಲ್ ಕಾಲೇಜಾಗಿ ಬೆಳೆಯಿತು. ಬರಿಗೈಯಲ್ಲಿ ಕಟ್ಟಿದ ಸಂಸ್ಥೆಗಳನ್ನು ಬಲ್ಲ ನಮಗೆ ಈ ಕಥೆ ಅಪರಿಚಿತವೇನಲ್ಲ.

ಜಲಪಾತದ ಮೇಲುಭಾಗದಲ್ಲಿ, ಟೊಕೋವಾ ಹಳ್ಳಕ್ಕೆ ಅಡ್ಡಲಾಗಿ ಒಂದು ಒಡ್ಡು ಇತ್ತು. 1899ರ ಸುಮಾರಿಗೆ ಮರದ ತೊಲೆಗಳ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ್ದು. ಕಾಲೇಜಿಗೆ ಸ್ವಂತ ವಿದ್ಯುತ್ ಬೇಕೆನಿಸಿದಾಗ, 1937ರಲ್ಲಿ ಆ ಹಳೆಯ ಒಡ್ಡಿನ ಮೇಲೆಯೇ ಮಣ್ಣಿನ ಏರಿ ಹಾಕಲಾಯಿತು. ಕೆಲವು ವರ್ಷಗಳ ನಂತರ ಏರಿಯನ್ನು ಇನ್ನಷ್ಟು ಎತ್ತರಿಸಿದರು. ಕೊನೆಗೆ ನಿಂತದ್ದು ಸುಮಾರು 38 ಅಡಿ ಎತ್ತರದ, 400 ಅಡಿ ಉದ್ದದ ಏರಿ. ಅದರ ಹಿಂದೆ ನಲವತ್ತು ಎಕರೆಯಷ್ಟು ನೀರು. ಹೆಸರು ಕೆಲ್ಲಿ ಬಾರ್ನ್ಸ್ ಅಣೆಕಟ್ಟು. ಅದರ ನಕ್ಷೆಯಾಗಲಿ ಲೆಕ್ಕಾಚಾರದ ಕಾಗದವಾಗಲಿ ಮುಂದೆ ಹುಡುಕಿದವರಿಗೆ ಸಿಗಲಿಲ್ಲ.

1957ರಲ್ಲಿ ವಿದ್ಯುತ್ ತಯಾರಿಕೆ ನಿಂತಿತು. ಅಲ್ಲಿಂದಾಚೆಗೆ ಅದು ಬರೀ ವಿಹಾರದ ಕೆರೆ.

ಈ ಸಂಸ್ಥೆಯ ಚರಿತ್ರೆಯಲ್ಲಿ ನಾನು ಬಹಳ ಹೊತ್ತು ನಿಲ್ಲುವುದು ಈ 1957ರ ಹತ್ತಿರ. ನಮ್ಮ ಊರುಗಳಲ್ಲಿ ಕೆರೆಗೆ ನೀರಗಂಟಿ ಇರುತ್ತಿದ್ದ. ಗದ್ದೆಗೆ ನೀರು ಬಿಡುವುದಕ್ಕೆ ತೂಬಿನ ಹತ್ತಿರ ಹೋಗುತ್ತಿದ್ದವನ ಕಣ್ಣಿಗೆ ಏರಿಯ ಬಿರುಕು, ಹೆಗ್ಗಣದ ಬಿಲ, ಹಿಂಬದಿಯ ಜೌಗು ತಾವಾಗಿಯೇ ಬೀಳುತ್ತಿದ್ದವು. ಕೆಲಸವಿರುವ ಕೆರೆಗೆ ಕಾವಲು ಹೀಗೆ ತಾನಾಗಿ ಒದಗುತ್ತದೆ. ಕೆಲಸ ತಪ್ಪಿದ ಕೆರೆಯ ದಂಡೆಗೆ ಜನ ಬರುವುದು ನೀರಿನ ಚೆಂದ ನೋಡಲು. ಏರಿಯ ಹಿಂಬದಿಗೆ ಇಳಿದು ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಟೊಕೋವಾದ ಏರಿಯ ಹಿಂಬದಿ ತೀರಾ ಕಡಿದಾಗಿತ್ತು, ಹೆಚ್ಚುಕಡಿಮೆ 45 ಡಿಗ್ರಿ ಇಳಿಜಾರು. ಅದರ ಮೇಲೆ ಮರಗಳು ಬೆಳೆದಿದ್ದವು. ಅಲ್ಲಿ ಒಂದು ಕಡೆ ಮಣ್ಣು ಕುಸಿದದ್ದು 1973ರ ಫೋಟೊವೊಂದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ನಾಲ್ಕು ವರ್ಷ ಎಚ್ಚೆತ್ತುಕೊಳ್ಳಲು ಕಾಲವಿತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

1977ರ ನವೆಂಬರ್ 2ರಿಂದ 5ರವರೆಗೆ ಸುಮಾರು ಏಳು ಇಂಚು ಮಳೆ ಸುರಿಯಿತು. ಅದರಲ್ಲಿ ಅರ್ಧದಷ್ಟು ಬಿದ್ದದ್ದು 5ರ ಸಂಜೆಯಿಂದ ಮಧ್ಯರಾತ್ರಿಯೊಳಗೆ. ಕಾಲೇಜಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಆ ರಾತ್ರಿ ಏರಿಯ ಮೇಲೆ ಹೋಗಿ ನೋಡಿ ಬಂದರು. ಒಡೆಯುವ ಸೂಚನೆ ಅವರಿಗೆ ಕಾಣಲಿಲ್ಲ. ನವೆಂಬರ್ 6ರ ನಸುಕಿನ ಒಂದೂವರೆಯ ಹೊತ್ತಿಗೆ ಏರಿ ಒಡೆಯಿತು. ನೀರು ಜಲಪಾತದ ಮೇಲಿಂದ ಧುಮುಕಿ ಕಾಲೇಜಿನ ಆವರಣಕ್ಕೆ ನುಗ್ಗಿತು. ಹರಿವಿನ ಗರಿಷ್ಠ ಪ್ರಮಾಣ ಸುಮಾರು 24,000 ಕ್ಯೂಸೆಕ್ ಎಂದು ಆಮೇಲೆ ಅಂದಾಜಿಸಿದರು. ಹಳ್ಳದ ಪಕ್ಕದಲ್ಲಿ ವಿವಾಹಿತ ವಿದ್ಯಾರ್ಥಿಗಳು ಹೆಂಡತಿ ಮಕ್ಕಳೊಂದಿಗೆ ವಾಸವಿದ್ದ ಟ್ರೇಲರ್ ಮನೆಗಳಿದ್ದವು. ಸ್ಥಾಪಕರ ಹೆಸರಿನ ಫಾರೆಸ್ಟ್ ಹಾಲ್ ಹಾಸ್ಟೆಲಿನ ಕೆಳ ಅಂತಸ್ತಿನಲ್ಲಿ ಹುಡುಗರು ಮಲಗಿದ್ದರು. ಸತ್ತವರು 39 ಜನ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು.

ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಇದೇ ಜಾರ್ಜಿಯಾದವರು. ಅವರ ಪತ್ನಿ ರೋಸಲಿನ್ ಅಂದೇ ಟೊಕೋವಾಕ್ಕೆ ಬಂದರು. ತನಿಖೆಗೆ ಬಂದ ತಜ್ಞರು ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಿಲ್ಲ. ನೀರು ಹೀರಿ ನೆನೆದ ಕಡಿದಾದ ಇಳಿಜಾರು ಮೊದಲು ಒಂದು ಕಡೆ ಜಾರಿರಬೇಕು, ಒಳಗೆ ಸೋರುತ್ತಿದ್ದ ನೀರು ಮಣ್ಣನ್ನು ಹೊತ್ತೊಯ್ದಿರಬೇಕು, ನೆತ್ತಿ ತಗ್ಗಿದ ಕಡೆ ನೀರು ಕೊರೆದುಕೊಂಡು ಹೋಗಿರಬೇಕು ಎಂದರು.

ಅಣೆಕಟ್ಟು ತಪಾಸಣೆಗೆ ಅಮೆರಿಕದಲ್ಲಿ ಕಾನೂನು ಇರಲಿಲ್ಲವೆಂದಲ್ಲ. ವೆಸ್ಟ್ ವರ್ಜೀನಿಯಾದ ಬಫೆಲೊ ಕ್ರೀಕಿನಲ್ಲಿ ಗಣಿಯ ಕೊಳೆನೀರಿನ ಒಡ್ಡು ಒಡೆದು 125 ಜನ ಸತ್ತ 1972ರಲ್ಲೇ ಅದು ಬಂದಿತ್ತು. ಹಣ ಒದಗದೆ ತಪಾಸಣೆ ಹೆಚ್ಚು ಮುಂದುವರಿದಿರಲಿಲ್ಲ. ಟೊಕೋವಾದ ನಂತರ ಕಾರ್ಟರ್ ಸೇನಾ ಎಂಜಿನಿಯರುಗಳಿಗೆ ಆಜ್ಞೆ ಕೊಟ್ಟರು. 1981ರ ಹೊತ್ತಿಗೆ ಅವರು 8,800ರಷ್ಟು ಖಾಸಗಿ ಮತ್ತು ಸ್ಥಳೀಯ ಅಣೆಕಟ್ಟುಗಳನ್ನು ನೋಡಿ ಮುಗಿಸಿದರು. ಅವುಗಳಲ್ಲಿ ಸುಮಾರು 2,900 ಅಸುರಕ್ಷಿತ ಎಂದು ಕಂಡುಬಂದವು. ಜಾರ್ಜಿಯಾ ಸುರಕ್ಷಿತ ಅಣೆಕಟ್ಟು ಕಾಯ್ದೆ 1978ರಲ್ಲಿ ಬಂತು. ಒಡೆದರೆ ಕೆಳಗೆ ಜೀವಹಾನಿಯಾಗುವುದೇ ಎಂಬುದನ್ನು ನೋಡಿ ಅಣೆಕಟ್ಟುಗಳನ್ನು ವಿಂಗಡಿಸುವ ಪದ್ಧತಿ ಅಲ್ಲಿ ನೆಲೆಗೊಂಡಿತು. ಇದು ಆ 39 ಜನರ ಪ್ರಾಣದ ಬೆಲೆಗೆ ಬಂದ ವಿವೇಕ.

ಕಾಲೇಜು ಮುಚ್ಚಲಿಲ್ಲ. ಜಲಪಾತದ ಬಳಿ ಮಡಿದವರ ಹೆಸರುಗಳಿರುವ ಕಲ್ಲು ನಿಂತಿದೆ. ಏರಿಯನ್ನು ಮತ್ತೆ ಕಟ್ಟಲಿಲ್ಲ. 2027ರ ನವೆಂಬರಿಗೆ ಆ ರಾತ್ರಿಗೆ ಐವತ್ತು ವರ್ಷ ತುಂಬುತ್ತದೆ.

ನಮ್ಮ ದೇಶದ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರದು. ಹದಿನೈದು ಮೀಟರಿಗಿಂತ ಎತ್ತರದ ಅಣೆಕಟ್ಟುಗಳು ಅದರೊಳಗೆ ಬರುತ್ತವೆ. ಹತ್ತರಿಂದ ಹದಿನೈದು ಮೀಟರಿನವು ಬರಬೇಕಾದರೆ 500 ಮೀಟರ್ ಉದ್ದವೋ ಹತ್ತು ಲಕ್ಷ ಘನ ಮೀಟರ್ ನೀರೋ ಅಂಥ ಇನ್ನೊಂದು ಲಕ್ಷಣವೋ ಇರಬೇಕು. ಟೊಕೋವಾದ ಏರಿಯ ಎತ್ತರ ಹನ್ನೆರಡು ಮೀಟರಿಗೂ ಕಡಿಮೆ, ಉದ್ದ 122 ಮೀಟರ್, ಒಡೆದಾಗ ಹಿಂದಿದ್ದ ನೀರು ಎಂಟು ಲಕ್ಷ ಘನ ಮೀಟರಿಗೂ ಕಡಿಮೆ. ಈ ಅಳತೆಗಳಲ್ಲಿ ಯಾವುದರಿಂದಲೂ ಅದು ನಮ್ಮ ಕಾಯ್ದೆಯ ಕಣ್ಣಿಗೆ ಬೀಳುತ್ತಿರಲಿಲ್ಲ. ಕರ್ನಾಟಕದ ಎಷ್ಟೋ ಕೆರೆಗಳು ಇಂದು ಗದ್ದೆಗೆ ನೀರುಣಿಸುವುದನ್ನು ಬಿಟ್ಟು ದೋಣಿವಿಹಾರದ, ವಾಯುವಿಹಾರದ ತಾಣಗಳಾಗಿವೆ. ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಬಡಾವಣೆಗಳು ಎದ್ದಿವೆ. ಅವುಗಳ ಏರಿಯನ್ನು ಎತ್ತರದ ಲೆಕ್ಕಕ್ಕಿಂತ ಮೊದಲು ಕೆಳಗಿರುವ ಮನೆಗಳ ಲೆಕ್ಕದಲ್ಲಿ ಅಳೆಯುವ ನಿಯಮವನ್ನು ನಮ್ಮ ಸರ್ಕಾರ ತರಬೇಕು, ಆ ಏರಿಗಳಿಗೆ ಮತ್ತೆ ನೀರಗಂಟಿಗಳನ್ನು ನೇಮಿಸಬೇಕು.