ಅರಳೆಯ ದರವೂ ಕಾಗದದ ಬೆಲೆಯೂ

ಅಗಡಿಯೆಂದೊಡನೆ ಕನ್ನಡ ವಾಚಕರ ಸ್ಮರಣೆಗೆ ಬರುವುದು ಶೇಷಾಚಲ ಸದ್ಗುರುಗಳ ಆನಂದವನ, ಮತ್ತು 1907ರಲ್ಲಿ ಅಲ್ಲಿಂದ ಹೊರಟು ಗಳಗನಾಥರ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದ ‘ಸದ್ಬೋಧ ಚಂದ್ರಿಕೆ’. ಆ ಪತ್ರಿಕೆ ಹುಟ್ಟುವುದಕ್ಕೆ ನಾಲ್ಕು ದಶಕಗಳಷ್ಟು ಹಿಂದೆ, ಅಗಡಿಯ ಸುತ್ತಲಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಈ ಜಿಲ್ಲೆಯ ಎರೆಹೊಲಗಳ ಹತ್ತಿಯೂ ಮುಂಬಯಿಯ ಒಂದು ಮಹೋನ್ಮಾದಕ್ಕೆ ಇಂಧನವಾಗಿತ್ತೆಂಬುದನ್ನು ನೆನೆಯುವವರು ವಿರಳ.

1861ರಲ್ಲಿ ಅಮೆರಿಕೆಯ ಅಂತರ್ಯುದ್ಧವು ಆರಂಭವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರವುಂಟಾಯಿತು. ಲಿವರ್‌ಪೂಲಿನಲ್ಲಿ ಪೌಂಡಿಗೆ ಸುಮಾರು 7 ಪೆನ್ನಿಯಿದ್ದ ಅಮೆರಿಕನ್ ಹತ್ತಿಯ ದರವು 1864ರಲ್ಲಿ 27 ಪೆನ್ನಿಯನ್ನೂ ಮೀರಿತು. ಧಾರವಾಡದ ಜವಾರಿ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ಪರದೇಶದ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಅದರ ಜತೆಗೆ 1840ರ ದಶಕದಿಂದ ಬೆಳೆಯತೊಡಗಿದ್ದ ವಿಲಾಯತಿ ಹತ್ತಿಯೂ ಇತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದುದಕ್ಕೂ ಈ ಹತ್ತಿಗಾಗಿ ಕಾರವಾರದ ಬಂದರನ್ನು ಬೆಳೆಸಬೇಕೆಂಬ ಆಸೆಯೇ ಮುಖ್ಯ ಕಾರಣ. ದಕ್ಷಿಣದ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಮಾತು ಆಗ ಪ್ರಚಾರದಲ್ಲಿತ್ತು. ನನಗಂತೂ ಅದರಲ್ಲಿ ರೈತನ ಸಿರಿಗಿಂತ ಹೇಳಿದವನ ಅಸೂಯೆಯೇ ಹೆಚ್ಚಾಗಿ ಕಾಣುತ್ತದೆ.

ದರವೇರಿದೊಡನೆ ಬೆರಕೆಯೂ ಏರಿತು. ಒಳ್ಳೆಯ ಅರಳೆಯೊಳಗೆ ಕೀಳು ಅರಳೆಯನ್ನೂ ಹತ್ತಿಕಾಳನ್ನೂ ಸೇರಿಸಿ ತೂಕ ಹೆಚ್ಚಿಸುವ ವಂಚನೆಯನ್ನು ಅಡಗಿಸಲು ಮುಂಬಯಿ ಸರಕಾರವು 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆದರೂ ಕೊಳ್ಳುವ ದಲಾಲನಿಗೊಂದು ಉಪಾಯವಿತ್ತು: ಅಂಡಿಗೆಯ ನಡುವಿಗೆ ಕೈಯಿಕ್ಕಿ ಹಿಡಿಯಷ್ಟನ್ನು ಹೊರಗೆಳೆದು, ಎರಡೂ ಕೈಗಳ ಬೆರಳುಗಳ ನಡುವೆ ಎಳೆಯನ್ನು ಜಗ್ಗಿ, ಅದರ ಉದ್ದವನ್ನೂ ಬಿಗಿಯನ್ನೂ ತಾನೇ ಪರೀಕ್ಷಿಸಬಹುದಾಗಿತ್ತು.

ಮುಂಬಯಿಯಲ್ಲಿ ಅದೇ ಹತ್ತಿಯ ಹಣದಿಂದ ಹುಟ್ಟಿದ ಷೇರುಗಳಿಗೆ ಇಂಥ ಪರೀಕ್ಷೆಯೆಲ್ಲಿಯದು? ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳು ಸಾಲುಸಾಲಾಗಿ ತಲೆಯೆತ್ತಿದವು. ಬ್ಯಾಕ್ ಬೇ ಕಂಪನಿಯ ನೆಲವು ಇನ್ನೂ ನೀರಿನಡಿಯಲ್ಲಿದ್ದಾಗಲೇ, 5,000 ರೂಪಾಯಿ ಸಂದಾಯವಾಗಿದ್ದ ಅದರ ಷೇರು ಹಲವು ಪಟ್ಟು ಬೆಲೆಗೆ ಕೈ ಬದಲಾಯಿಸುತ್ತಿತ್ತು. ಷೇರುಪೇಟೆಯ ದೊಡ್ಡ ದಲಾಲರಾದ ಪ್ರೇಮಚಂದ ರಾಯಚಂದರ ಹೆಸರು ಕೇಳಿದರೆ ಸಾಕು, ಕಂಪನಿಯ ಉದ್ದೇಶವೇನೆಂದು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಕೊಂಡ ಷೇರಿಗೆ ಹಣ ಸಲ್ಲಿಸಬೇಕಾದ ವಾಯಿದೆಯ ದಿನಕ್ಕೆ ಮುಂಚೆಯೇ ಮತ್ತೊಬ್ಬನಿಗೆ ಮಾರಿಬಿಡುವೆನೆಂಬ ಭರವಸೆಯೊಂದಿದ್ದರೆ ಆಯಿತು.

1865ರ ಏಪ್ರಿಲಿನಲ್ಲಿ ಅಮೆರಿಕೆಯ ದಕ್ಷಿಣದ ಸೇನಾನಿ ಲೀ ಶರಣಾದನು. ಹತ್ತಿಯ ದರ ಕುಸಿಯಿತು. ಜುಲೈ 1ರಂದು ವಾಯಿದೆಗಳು ಮುಗಿದಾಗ, ಕೊಡಬೇಕಾದವರಲ್ಲಿ ಹಣವಿಲ್ಲ, ಪಡೆಯಬೇಕಾದವರು ಬೇರೆಯವರಿಗೆ ಸಾಲಗಾರರು. ಒಮ್ಮೆ 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು. ಈ 87ರ ಘಟ್ಟವೇ ನನಗೆ ಅತ್ಯಂತ ಕುತೂಹಲಕರವಾದುದು. ಏರುವ ಷೇರಿನ ಹಿಂದೆ ಓಡಿದವರನ್ನು ಲೋಕವು ಯಥೇಷ್ಟವಾಗಿ ನಿಂದಿಸಿದೆ. ಆದರೆ ಬಿದ್ದ ಷೇರನ್ನು ನೋಡಿ, 2,850ನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಇಷ್ಟು ಅಗ್ಗ ಮತ್ತೆ ಸಿಕ್ಕೀತೆ’ ಎಂದು ಕೈನೀಡುವವನ ಭ್ರಮೆ ಅದಕ್ಕಿಂತ ಸೂಕ್ಷ್ಮವಾದುದು. ಅಂಥವನು ಕೇಳಬೇಕಾಗಿದ್ದುದು ಹಳೆಯ ಬೆಲೆಯನ್ನಲ್ಲ. ಬ್ಯಾಂಕು ಯಾರಿಗೆ, ಯಾವ ಆಧಾರದ ಮೇಲೆ ಸಾಲ ಕೊಟ್ಟಿದೆಯೆಂಬುದನ್ನು. ಅದರ ಸಾಲದ ಬಹುಭಾಗವು ಇಂಥವೇ ಷೇರುಗಳನ್ನು ಒತ್ತೆಯಿಟ್ಟುಕೊಂಡು ಕೊಟ್ಟುದಾಗಿತ್ತು. 1868ರಲ್ಲಿ ಆ ಬ್ಯಾಂಕನ್ನು ಮುಚ್ಚಿ, ಅದೇ ವರ್ಷ ಹೊಸ ಬ್ಯಾಂಕ್ ಆಫ್ ಬಾಂಬೆಯನ್ನು ಹೊಸ ಬಂಡವಾಳದಿಂದ ಸ್ಥಾಪಿಸಲಾಯಿತು.